ಹೂಜಿ ಗಿಡಕ್ಕೆ ಗೊಬ್ಬರವೇಕೆ ಬೇಡ?



ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನಲ್ಲಿ ಭತ್ತದ ಪೈರು ಹಳದಿಗೆ ತಿರುಗಿದರೆ ರೈತರು ಯೂರಿಯಾ ಹಾಕುತ್ತಾರೆ. ಪೈರಿಗೆ ಬೇಕಾದುದು ಅದರಲ್ಲಿರುವ ಸಾರಜನಕ. ಸಾರಜನಕ ತೀರ ಕಡಿಮೆಯಿರುವ ಕಾಡುಮಣ್ಣಿನಲ್ಲಿ ಗಿಡ ಏನು ಮಾಡಬೇಕು? ಹೂಜಿ ಗಿಡ ಕಂಡುಕೊಂಡ ದಾರಿ ಕೀಟಗಳನ್ನು ಹಿಡಿಯುವುದು.

ಭಾರತದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಹೂಜಿ ಗಿಡ ಒಂದೇ: ನೆಪೆಂಥಿಸ್ ಖಾಸಿಯಾನಾ. ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳು ಅದರ ತವರು. ಗಾರೋ ಜನರು ಅದನ್ನು ‘ಮೆಮಾಂಗ್ ಕೊಕ್ಸಿ’, ಅಂದರೆ ದೆವ್ವದ ಬುಟ್ಟಿ ಎನ್ನುತ್ತಾರೆ. ಅಲ್ಲಿನ ಭಾರಿ ಮಳೆ ಮಣ್ಣಿನ ಸಾರವನ್ನು ತೊಳೆದೊಯ್ಯುತ್ತದೆ.

ಹೂಜಿ ಎಂಬುದು ಹೂವಲ್ಲ, ಎಲೆಯದೇ ಭಾಗ. ಎಲೆಯ ನಡುನರ ಕುಡಿಬಳ್ಳಿಯಂತೆ ಚಾಚಿ, ತುದಿಯಲ್ಲಿ ಹೂಜಿಯಾಗುತ್ತದೆ. ಅಂಚಿನ ಮಕರಂದಕ್ಕೆ ಬಂದ ಇರುವೆ ಜಾರಿ ಒಳಗಿನ ದ್ರವಕ್ಕೆ ಬೀಳುತ್ತದೆ. ದ್ರವದಲ್ಲಿರುವ ಕಿಣ್ವಗಳು ಅದನ್ನು ಜೀರ್ಣಿಸುತ್ತವೆ. ಕೀಟ ಬಿದ್ದೊಡನೆ ಮುಚ್ಚಳ ಮುಚ್ಚಿಕೊಳ್ಳುತ್ತದೆಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಒಮ್ಮೆ ತೆರೆದ ಮುಚ್ಚಳ ಮತ್ತೆ ಮುಚ್ಚುವುದಿಲ್ಲ; ಹೂಜಿಗೆ ಮಳೆನೀರು ತುಂಬದಂತೆ ಕೊಡೆಯ ಹಾಗೆ ನಿಲ್ಲುತ್ತದೆ. ಸಕ್ಕರೆ, ಪಿಷ್ಟಗಳನ್ನು ಈ ಗಿಡವೂ ಬಿಸಿಲಿನ ನೆರವಿನಿಂದಲೇ ತಯಾರಿಸುತ್ತದೆ.

ಇದನ್ನು ನಮ್ಮಲ್ಲಿ ಬೆಳೆಸಬಹುದೇ? ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿ.ಮೀ. ಮಾತ್ರ. ನಾಗಮಂಗಲ, ಕೆ.ಆರ್. ಪೇಟೆಯ ಬೇಸಿಗೆಯ ಒಣಗಾಳಿಯಲ್ಲಿ ಗಿಡ ಬದುಕಿದರೂ ಹೂಜಿ ಬಿಡದಿರಬಹುದು. ಆದ್ದರಿಂದ ಬೆಳಕಿರುವ ನೆರಳಿನಲ್ಲಿಟ್ಟು, ಸುತ್ತಲಿನ ಗಾಳಿ ತೇವವಾಗಿರುವಂತೆ ನೋಡಿಕೊಳ್ಳಬೇಕು. ಕುಂಡಕ್ಕೆ ತೋಟದ ಮಣ್ಣು ಬೇಡ. ಉಪ್ಪು ಹೋಗುವಂತೆ ತೊಳೆದ ತೆಂಗಿನ ನಾರಿನ ಪುಡಿ ಸಾಕು. ಕೊಳವೆಬಾವಿಯ ಗಡಸುನೀರು ಆಗದು, ಹಿಡಿದಿಟ್ಟ ಮಳೆನೀರು ಉತ್ತಮ. ನೀರು ನಿಲ್ಲಬಾರದು. ಸಾರವಿಲ್ಲದ ನೆಲಕ್ಕೆ ಒಗ್ಗಿದ ಬೇರು ಇದು. ಬುಡಕ್ಕೆ ಯೂರಿಯಾ ಹಾಕಿದರೆ ಸುಟ್ಟುಹೋಗುತ್ತದೆ.

ಕಾಡಿನ ನಾಶ, ಗಣಿಗಾರಿಕೆ ಮತ್ತು ಮಾರಾಟಕ್ಕಾಗಿ ಕೀಳುವುದರಿಂದ ಈ ಗಿಡ ಅಪಾಯದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ 1991ರ ತಿದ್ದುಪಡಿ ಇದಕ್ಕೆ ರಕ್ಷಣೆ ನೀಡಿತು. ನರ್ಸರಿಯಲ್ಲಿ ಬೆಳೆಸಿದ ಸಸಿಯನ್ನೇ ಕೊಳ್ಳಿರಿ. ಕಾಡಿನಿಂದ ಕಿತ್ತದ್ದು ಬೇಡ.

ಇದರ ದೂರದ ನೆಂಟನೊಂದು ಕರ್ನಾಟಕದಲ್ಲೇ ಇದೆ. ಅದರ ಹೆಸರು ಡ್ರಾಸೆರಾ. ಮಳೆಗಾಲದಲ್ಲಿ ಜೌಗಾಗುವ ಬಡನೆಲದಲ್ಲಿ ಬೆಳೆಯುವ ಪುಟ್ಟ ಗಿಡ ಅದು. ಎಲೆಯ ರೋಮಗಳ ಮೇಲೆ ಇಬ್ಬನಿಯಂತೆ ಹೊಳೆಯುವ ಅಂಟಿನಿಂದ ಕೀಟ ಹಿಡಿಯುತ್ತದೆ. ಕಂಡರೆ ಕೀಳದೆ, ಪಕ್ಕದಲ್ಲಿ ಕುಳಿತು ನೋಡಿರಿ. ಏನೂ ಬೆಳೆಯದ ನೆಲವೆಂದು ಮಣ್ಣು ತುಂಬಿ ಗೊಬ್ಬರ ಸುರಿದರೆ, ಅಲ್ಲಿಂದ ಮೊದಲು ಕಾಣೆಯಾಗುವುದು ಆ ಗಿಡವೇ.