ಮಕ್ಕಳೆದುರಿಗೆ ಹಾವು

ಶ್ರಾವಣ ಸಮೀಪಿಸಿತೆಂದರೆ ಚಿಕ್ಕೋಡಿ, ನಿಪ್ಪಾಣಿಯ ಕಡೆಯ ಶಿಕ್ಷಕರ ಕೋಣೆಗಳಲ್ಲಿ ಒಂದು ಮಾತು ಏಳುವುದುಂಟು. ಹಾವು ಹಿಡಿಯಬಲ್ಲ ಯಾರನ್ನಾದರೂ ಕರೆಯಿಸಿ, ಜೀವಂತ ಹಾವುಗಳನ್ನೇ ಮುಂದಿಟ್ಟು ಮಕ್ಕಳಿಗೆ ಪಾಠ ಹೇಳಿಸಿದರೆ ಹೇಗೆ? ಈ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಪುಸ್ತಕದ ಚಿತ್ರಕ್ಕಿಂತ ಕಣ್ಣೆದುರಿನ ಪ್ರಾಣಿ ಮಗುವಿನ ಮನಸ್ಸನ್ನು ಬೇಗನೆ ಸೆಳೆಯುತ್ತದೆ. ಆದರೆ ಬುಟ್ಟಿಯ ಮುಚ್ಚಳ ತೆಗೆಯುವ ಮುನ್ನ ವಿಚಾರಿಸಬೇಕಾದ ಸಂಗತಿಗಳಿವೆ.

ಮೊದಲನೆಯದು ಕಾಯಿದೆ. ಇಂಗ್ಲೆಂಡು, ಅಮೆರಿಕಗಳಲ್ಲಿ ಮನುಷ್ಯರ ಆರೈಕೆಯಲ್ಲೇ ಹುಟ್ಟಿ ಬೆಳೆದ ಹೆಬ್ಬಾವು, ಹಲ್ಲಿ, ಆಮೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಶಾಲೆಯಿಂದ ಶಾಲೆಗೆ ಹೋಗಿ ಪಾಠ ಹೇಳುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ನಮ್ಮಲ್ಲಿ ಹಾಗಲ್ಲ. ನಮ್ಮ ಹಾವುಗಳು ಹೊಲದ, ಹುತ್ತದ, ಅಡವಿಯ ಜೀವಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ನಾಗರ, ಕೇರೆ, ಉಡ, ಮೊಸಳೆ ಎಲ್ಲವೂ ಅದರ ರಕ್ಷಣೆಯಲ್ಲಿವೆ. ಶಿಕ್ಷಣಕ್ಕಾಗಿ ಪರವಾನಗಿ ಕೊಡುವ ಅವಕಾಶ 12ನೆಯ ಕಲಮಿನಲ್ಲಿ ಉಂಟು. ಆದರೆ ಅದು ಮುಖ್ಯಾಧ್ಯಾಪಕರ ಒಂದು ಚೀಟಿಗೆ ಒಲಿಯತಕ್ಕದ್ದಲ್ಲ.

ಅದೆಷ್ಟು ಬಿಗಿಯೆಂಬುದನ್ನು ತಿಳಿಯಲು ಗಡಿಯಾಚೆಗೆ ನೋಡಿದರೆ ಸಾಕು. ಸಾಂಗಲಿ ಜಿಲ್ಲೆಯ ಬತ್ತೀಸ ಶಿರಾಳಾದಲ್ಲಿ ನಾಗರಪಂಚಮಿಯಂದು ಜೀವಂತ ನಾಗರಗಳನ್ನು ಮೆರೆಯಿಸಿ, ಯಾವುದು ಹೆಚ್ಚು ಎತ್ತರ ಹೆಡೆಯೆತ್ತುವುದೆಂದು ಸ್ಪರ್ಧೆ ನಡೆಯುತ್ತಿತ್ತು. ಮುಂಬಯಿ ಉಚ್ಚ ನ್ಯಾಯಾಲಯದ ಆಜ್ಞೆಯಿಂದ ಅದು ನಿಂತಿತು. 2025ರ ಜುಲೈಯಲ್ಲಿ ಕೇಂದ್ರ ಸರಕಾರವು ಶಿಕ್ಷಣ ಹಾಗೂ ಪಾರಂಪರಿಕ ಜ್ಞಾನದ ಉದ್ದೇಶಕ್ಕೆಂದು 21 ನಾಗರಗಳನ್ನು ಹಿಡಿಯಲು 21 ಜನರಿಗೆ ಒಪ್ಪಿಗೆ ನೀಡಿತು. ಒಂದು ಇಡೀ ಊರಿನ ದೀರ್ಘಕಾಲದ ಒತ್ತಾಯಕ್ಕೆ ದೊರೆತದ್ದು ಇಷ್ಟು.

ಹಾವನ್ನು ಶಾಲೆಗೆ ತಂದ ದೊಡ್ಡ ಉದಾಹರಣೆಯೂ ನಮ್ಮ ನೆರೆಯಲ್ಲೇ ಇದೆ. ಕೊಲ್ಲಾಪುರ ಜಿಲ್ಲೆಯ ಚಂದಗಡ ತಾಲೂಕಿನ ಢೋಲಗರವಾಡಿಯಲ್ಲಿ ಬಾಬುರಾವ ಟಕ್ಕೇಕರ ಎಂಬ ಶಿಕ್ಷಕರು 1960ರ ದಶಕದಲ್ಲಿ, ಅಂದರೆ ಕಾಯಿದೆ ಹುಟ್ಟುವುದಕ್ಕೂ ಮುಂಚೆ, ವಿದ್ಯಾರ್ಥಿಗಳಿಗೆ ಹಾವುಗಳ ಪರಿಚಯ ಮಾಡಿಸತೊಡಗಿದರು. ಕಂಡಲ್ಲಿ ಬಡಿಗೆಯೆತ್ತುವ ನಾಡಿನಲ್ಲಿ ಅದು ಸಣ್ಣ ಸಾಹಸವಲ್ಲ. ಆ ಹಿರಿಯರ ಬಗೆಗೆ ನನಗೆ ಗೌರವವಿದೆ. ಆದರೂ ಒಂದು ಗಂಟೆಯ ಪ್ರದರ್ಶನವನ್ನು ವರ್ಷಗಟ್ಟಲೆ ನಡೆದ ಅಂಥ ಅಭ್ಯಾಸದೊಡನೆ ಹೋಲಿಸಲಾಗದು. ಒಂದು ಗಂಟೆಯಲ್ಲಿ ಮಗು ನೋಡುವುದು ಹಾವನ್ನಲ್ಲ, ಹಾವು ಹಿಡಿದ ಕೈಯನ್ನು. ಆ ಕೈಯ ಧೈರ್ಯವೇ ಅದರ ನೆನಪಿನಲ್ಲಿ ಉಳಿಯುತ್ತದೆ. ಮರುದಿನ ಕಬ್ಬಿನ ಹೊಲದ ಬದುವಿನಲ್ಲಿ ಅದೇ ಧೈರ್ಯ ಕೈಚಾಚಿದರೆ ಕೇಳುವವರಾರು?

ನಮ್ಮ ಕಡೆ ಇದು ಬರಿಯ ಊಹೆಯ ಭಯವಲ್ಲ. ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಕಬ್ಬು ಇರುವಲ್ಲಿ ಇಲಿಯುಂಟು, ಇಲಿಯಿರುವಲ್ಲಿ ನಾಗರ, ಕೇರೆಗಳುಂಟು. ಸುಗ್ಗಿಗೆ ಬರುವ ಕಬ್ಬು ಕಡಿಯುವವರ ಮಕ್ಕಳು ಗುಡಿಸಲಿನ ನೆಲದ ಮೇಲೆ ಮಲಗುತ್ತಾರೆ. ಕಟ್ಟುಹಾವು ರಾತ್ರಿಯಲ್ಲಿ, ನಿದ್ರಿಸಿದವರನ್ನೇ ಹೆಚ್ಚಾಗಿ ಕಚ್ಚುವಂಥದು. ಅದರ ಕಡಿತದಲ್ಲಿ ಉರಿ, ಬಾವು ಅತಿ ಕಡಿಮೆ. ಇರುವೆ ಕಚ್ಚಿತೆಂದು ಮಗು ಮಗ್ಗುಲು ಬದಲಿಸೀತು. ಬೆಳಗಿನ ಜಾವ ಹೊಟ್ಟೆನೋವು, ಜೋತುಬೀಳುವ ರೆಪ್ಪೆ, ಬಳಿಕ ಉಸಿರಿನ ಕಷ್ಟ. ಭಾರತದಲ್ಲಿ 2000ದಿಂದ 2019ರವರೆಗೆ ಹಾವುಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು ಸಂಶೋಧಕರ ಅಂದಾಜು; ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಸಂಗತಿಯೆಂದು ಸಾರಿತು. ಮಗುವಿಗೆ ಬೇಕಾದ ಮೊದಲ ಪಾಠ ಇಲ್ಲಿದೆ: ಕಚ್ಚಿದ ಅಂಗವನ್ನು ಅಲ್ಲಾಡಿಸಬಾರದು, ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರವಾದಿಯ ಬಾಗಿಲಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿನ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಸಲ್ಲುವುದರಿಂದ, ಕಚ್ಚಿದ ಹಾವನ್ನು ಕೊಂದು ಚೀಲದಲ್ಲಿ ಒಯ್ಯುವ ಅಗತ್ಯವೇ ಇಲ್ಲ.

ಹೆಸರಿನ ಪಾಠವೂ ಆಗಬೇಕು. ಗಡಿನಾಡಿನ ಮಗು ಮನೆಯಲ್ಲಿ ಧಾಮಣವೆಂದೂ ಶಾಲೆಯಲ್ಲಿ ಕೇರೆಯೆಂದೂ ಕೇಳಿ, ಇವು ಎರಡು ಹಾವುಗಳೆಂದು ತಿಳಿದರೂ ತಿಳಿದೀತು. ಘೋಣಸವೇ ಕೊಳಕುಮಂಡಲ, ಮಣ್ಯಾರವೇ ಕಟ್ಟುಹಾವು. ದೊಡ್ಡ ಚಿತ್ರಗಳ ಕೆಳಗೆ ಎರಡೂ ಭಾಷೆಯ ಹೆಸರು ಬರೆದು ಗೋಡೆಗೆ ತೂಗಿದರೆ ಅರ್ಧ ಪ್ರದರ್ಶನ ಮುಗಿದಂತೆ. ಕೇರೆ ಆಕಳ ಕೆಚ್ಚಲಿಗೆ ಬಾಯಿ ಹಚ್ಚುವುದೆಂಬ ಕಥೆಯನ್ನೂ ಅಲ್ಲಿಯೇ ಮುಗಿಸಬಹುದು. ಹಾವಿಗೆ ಹಾಲು ಆಹಾರವಲ್ಲ. ಹೀರಲು ಬೇಕಾದ ತುಟಿಯೂ ಅದಕ್ಕಿಲ್ಲ.

ಇನ್ನು ಜೀವಂತ ಸರೀಸೃಪವೇ ಬೇಕೆಂದರೆ ಅದೂ ದೂರವಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ. 2019ರ ಆಗಸ್ಟಿನ ಮಹಾಪೂರದಲ್ಲಿ ರಾಯಬಾಗ ತಾಲೂಕಿನ ಒಂದು ಮನೆಯ ಮಾಡಿನ ಮೇಲೆ ಮೊಸಳೆ ಏರಿ ಕುಳಿತದ್ದನ್ನು ದೇಶವೆಲ್ಲ ಚಿತ್ರದಲ್ಲಿ ಕಂಡಿತು. ಎಂಥ ಪ್ರದರ್ಶನಕಾರನೂ ಅಂಥದನ್ನು ತೋರಿಸಲಾರ! ಹಾಗೆಂದು ಮಕ್ಕಳನ್ನು ನದೀತೀರಕ್ಕೆ ಕರೆದೊಯ್ಯಿರೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಪಾಠ ಯಾವ ಮಡುವಿನಲ್ಲಿ ಇಳಿಯಬಾರದೆಂಬುದು, ಅದನ್ನು ಮೀನುಗಾರರ ಬಾಯಿಂದ ಶಾಲೆಯಲ್ಲೇ ಕೇಳಿಸಬಹುದು.

ಆರಂಭಿಸುವ ಶಿಕ್ಷಕರಿಗೆ ನಾನು ಸೂಚಿಸುವುದು ಮನೆಯ ಹಲ್ಲಿಯನ್ನು. ಅದಕ್ಕೆ ಪರವಾನಗಿಯೂ ಬೇಡ, ಬುಟ್ಟಿಯೂ ಬೇಡ, ಹಿಡಿಯಲಂತೂ ಬೇಡವೇ ಬೇಡ. ಸಂಜೆ ದೀಪದ ಬಳಿ ಅದು ಎಷ್ಟು ಹುಳ ತಿಂದಿತೆಂದು ಒಂದು ವಾರ ಮಕ್ಕಳು ಮನೆಯಲ್ಲಿ ಲೆಕ್ಕವಿಡಲಿ. ರೆಪ್ಪೆಯಿಲ್ಲದ ಕಣ್ಣನ್ನು ನಾಲಿಗೆಯಿಂದ ಒರೆಸಿಕೊಳ್ಳುವುದನ್ನೂ, ಫೋಟೋದ ಹಿಂದೆ ಇಟ್ಟ ಎರಡು ಬಿಳಿಯ ಮೊಟ್ಟೆಗಳನ್ನೂ ಹುಡುಕಿ ನೋಡಲಿ. ಬಾಲ ಕಳೆದುಕೊಂಡ ಹಲ್ಲಿ ಸಿಕ್ಕಿದ ದಿನ ತರಗತಿಯಲ್ಲಿ ಗದ್ದಲವಾಗುವುದು ಖಂಡಿತ. ಹೊಸ ಬಾಲ ಮೊಳೆಯಲು ಎಷ್ಟು ವಾರ ಹಿಡಿಯಿತು, ಬಣ್ಣ ಹಳೆಯದರಂತೆಯೇ ಇದೆಯೇ ಎಂಬುದನ್ನು ಅವರೇ ಬರೆದಿಡಲಿ. ಹೊಸದರಲ್ಲಿ ಎಲುಬು ಇರದೆ ಬರಿಯ ಮೃದ್ವಸ್ಥಿ ಇರುವುದೆಂಬುದನ್ನು ಆಮೇಲೆ ಶಿಕ್ಷಕರು ತಿಳಿಸಿದರಾಯಿತು.