ವೈಫೈ ನಿಧಾನವೇ? ಮೊದಲು ಜಾಗ ಬದಲಿಸಿರಿ

ಕಾಲುವೆ ತುಂಬಿ ಹರಿದರೂ ತೂಬಿನಲ್ಲಿ ಕಸ ಕಟ್ಟಿದರೆ ಗದ್ದೆ ಒಣಗುತ್ತದೆ. ಮನೆಗೆ 100 ಎಂಬಿಪಿಎಸ್ ಸಂಪರ್ಕವಿದ್ದರೂ ವೈಫೈ ನಿಧಾನವಾಗುವುದು ಹೀಗೆಯೇ. ಹೆಚ್ಚು ದರದ ಪ್ಲಾನಿಗೆ ಹಣ ಕಟ್ಟುವ ಮುನ್ನ ಪರೀಕ್ಷೆ ಮಾಡಿರಿ.

ರೂಟರಿನ ಪಕ್ಕದಲ್ಲಿ ನಿಂತು, 5 ಗಿಗಾಹರ್ಟ್ಸ್ ವೈಫೈಗೆ ಸೇರಿ, ಫೋನಿನಲ್ಲಿ ವೇಗ ಅಳೆಯಿರಿ. ಅನಂತರ ಒಳಕೋಣೆಯಲ್ಲಿ ಅಳೆಯಿರಿ. ಪಕ್ಕದಲ್ಲಿ ವೇಗವಿದ್ದು ಒಳಗೆ ಇಲ್ಲದಿದ್ದರೆ ದೋಷ ಸಂಪರ್ಕದ್ದಲ್ಲ.

ದಪ್ಪ ಕಲ್ಲುಗೋಡೆ, ಕಬ್ಬಿಣದ ಬೀರು, ನೀರಿನ ತೊಟ್ಟಿಗಳು ವೈಫೈ ಅಲೆಗಳನ್ನು ತಡೆಯುತ್ತವೆ. ರೂಟರನ್ನು ಮನೆಯ ನಡುವೆ, ಆಳೆತ್ತರದಲ್ಲಿ, ಮರೆಯಿಲ್ಲದೆ ಇಡಿರಿ. ಹತ್ತಿರದಲ್ಲಿ 5 ಗಿಗಾಹರ್ಟ್ಸ್ ವೇಗವಾದದ್ದು. ಗೋಡೆ ದಾಟಲು 2.4 ಮೇಲು. ದೂರದ ಕೋಣೆಗೆ ತಂತಿ ಎಳೆದು ಇನ್ನೊಂದು ರೂಟರ್ ಇಡಬಹುದು.

ಪಕ್ಕದಲ್ಲಿಯೂ ವೇಗವಿಲ್ಲದಿದ್ದರೆ ರೂಟರನ್ನು ಒಮ್ಮೆ ಆರಿಸಿ ಹಚ್ಚಿರಿ. ಆಗಲೂ ಸರಿಹೋಗದಿದ್ದರೆ ಸಂಪರ್ಕ ಕೊಟ್ಟವರಿಗೆ ದೂರು ಕೊಡಿರಿ. ಜಾಗ ಬದಲಿಸಲು ಕಾಸಿನ ಖರ್ಚಿಲ್ಲ.