ಬೇಸಿಗೆಯ ತಂಪು: ಶರಬತ್ತಿಗಿಂತ ಮೊದಲು ಒದ್ದೆ ಬಟ್ಟೆ

ಕಳೆದ ವರ್ಷದ ಏಪ್ರಿಲ್. ಮಧ್ಯಾಹ್ನ ಎರಡೂವರೆ ಆಗಿರಬೇಕು. ರಾಯಚೂರಿನ ನನ್ನ ದವಾಖಾನೆಯ ಬಾಗಿಲನ್ನು ಅರ್ಧ ಎಳೆದು ಊಟಕ್ಕೆ ಕೂತಿದ್ದೆ. ಹೊರಗೆ ಆಟೋ ಬಂದು ನಿಂತಿತು. ಸ್ಲ್ಯಾಬ್ ಹಾಕುವ ಕೆಲಸಕ್ಕೆ ಹೋಗಿದ್ದ ಇಪ್ಪತ್ತೆರಡರ ಹುಡುಗ ಬಿಸಿಲಲ್ಲೇ ಕುಸಿದು ಬಿದ್ದಿದ್ದ. ಮೈ ಹಂಚಿನಂತೆ ಸುಡುತ್ತಿತ್ತು. ಹೆಸರು ಹಿಡಿದು ಕರೆದರೆ ಏನೇನೋ ಬಡಬಡಿಸುತ್ತಿದ್ದ. ತಾಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಕೆಂಪು ಶರಬತ್ತನ್ನು ಬಾಯಿಗೆ ಹಾಕುತ್ತಿದ್ದರು. ಅದು ಒಳಗೆ ಇಳಿಯದೆ ಹುಡುಗ ಕೆಮ್ಮುತ್ತಿದ್ದ.

ನಾನು ಮೊದಲು ಮಾಡಿದ್ದು ಆ ಚಮಚ ಕಿತ್ತುಕೊಂಡದ್ದು. ಅವನನ್ನು ಬೇವಿನ ಮರದ ನೆರಳಿಗೆ ಎಳೆದು, ಅಂಗಿ ಬಿಚ್ಚಿಸಿ, ಕೊಡದ ನೀರನ್ನೆಲ್ಲ ಮೈಮೇಲೆ ಸುರಿದೆವು. ಆಟೋದವನು ರಟ್ಟಿನಿಂದ ಗಾಳಿ ಬೀಸಿದ. ಪಕ್ಕದ ಅಂಗಡಿಯವರು ಬರ್ಫ ತಂದರು. ಅದನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟೆವು. 108 ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ಐದು ದಿನ ಇದ್ದ. ಅಲ್‌ಹಮ್ದುಲಿಲ್ಲಾಹ್, ಉಳಿದುಕೊಂಡ.

ವಾರದ ನಂತರ ಅದೇ ತಾಯಿ ಬಂದು ಕೇಳಿದರು: "ಡಾಕ್ಟರ್ ಆಪಾ, ಇನ್ನು ಮೇಲೆ ತಂಪಿಗೆ ಯಾವ ಶರಬತ್ತು ಕೊಡಲಿ?"

ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಯೂನಾನಿ ವೈದ್ಯೆಯಾದ ನನ್ನ ಬಾಯಿಂದ ಶರಬತ್ತಿನ ಹೆಸರೇ ಬರಬೇಕೆಂದು ಅವರು ಬಯಸಿದ್ದು ಸಹಜ. ನಮ್ಮ ಮನೆಗಳಲ್ಲಿ ತಂಪು ಎಂದರೆ ಲೋಟದಲ್ಲಿ ತುಂಬಿ ಕೊಡುವ ವಸ್ತು. ಆದರೆ ಯೂನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವೆಂದು ಹೇಳುವ ಆರು ವಿಷಯಗಳಲ್ಲಿ ಮೊದಲನೆಯದು ಗಾಳಿ. ಅನ್ನಪಾನ ಬರುವುದು ಅದರ ನಂತರ. ಹಕೀಮರು ಸುಮ್ಮನೆ ಆ ಕ್ರಮದಲ್ಲಿ ಇಟ್ಟದ್ದಲ್ಲ.

ನಮ್ಮ ಮೈ ತಂಪಾಗುವುದು ಹೇಗೆಂದು ತಿಳಿಯಬೇಕಾದರೆ ಅಡುಗೆಮನೆಯ ಮೂಲೆಯ ಮಣ್ಣಿನ ಹರವಿ ನೋಡಿ. ಅದರೊಳಗೆ ಯಾರೂ ಬರ್ಫ ಹಾಕಿಲ್ಲ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗುತ್ತದೆ, ಗಾಳಿ ಅದನ್ನು ಆವಿ ಮಾಡುತ್ತದೆ, ಹೋಗುವಾಗ ಆ ಆವಿ ಹರವಿಯ ಶಾಖವನ್ನೂ ಹೊತ್ತೊಯ್ಯುತ್ತದೆ. ಬೆವರಿನ ಕೆಲಸವೂ ಇದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಮೈಯಿಂದ ಹೊರಟುಹೋಗುತ್ತದೆ. ಎಂಟು ಲೀಟರ್ ನೀರನ್ನು ಕುದಿಸುವ ಹಂತಕ್ಕೆ ತರಲು ಬೇಕಾಗುವಷ್ಟು ಶಾಖ ಅದು. ಒಂದು ಲೋಟ ತಣ್ಣನೆಯ ಶರಬತ್ತು ಇದರ ಹತ್ತಿರಕ್ಕೂ ಬರಲಾರದು. ಹಾಗಾದರೆ ಕುಡಿಯುವುದು ಯಾಕೆ? ಬೆವರಲು ಮೈಗೆ ನೀರು ಬೇಕು, ಅದಕ್ಕೆ.

ಒದ್ದೆ ಮತ್ತು ಗಾಳಿ, ಎರಡೂ ಕೂಡಿದರೆ ತಂಪು. ನಮ್ಮ ಹಿರಿಯರ ಉಪಾಯಗಳೆಲ್ಲ ಈ ಜೋಡಿಯ ಮೇಲೇ ನಿಂತಿವೆ. ಕಿಟಕಿಗೆ ಖಸ್‌ನ ಅಂದರೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಹಾಕಿ, ನೆಲ ಉಸಿರು ಬಿಟ್ಟ ಮೇಲೆ ಹಾಸಿಗೆ ಹಾಸುತ್ತಿದ್ದರು. ನನ್ನ ದಾದಿ ಮಧ್ಯಾಹ್ನ ಶಹಾಬಾದಿ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚಾಪೆಯೂ ಇಲ್ಲದೆ ಅದರ ಮೇಲೇ ಮಲಗುತ್ತಿದ್ದರು. ಈಗ ನಮ್ಮಲ್ಲಿ ಕೂಲರ್ ಬಂದಿದೆ, ಅದೂ ಖಸ್ ತಟ್ಟಿಯ ಮೊಮ್ಮಗನೇ. ಮಾರ್ಚ್, ಏಪ್ರಿಲ್‌ನಲ್ಲಿ ರಾಯಚೂರಿನ ಗಾಳಿ ಒಣಗಿರುವುದರಿಂದ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮೇ ಕೊನೆಗೆ ಮೋಡ ಕಟ್ಟಿ ಸೆಕೆ ಶುರುವಾದಾಗ ಅದೇ ಕೂಲರ್ ಉಪಯೋಗಕ್ಕೆ ಬಾರದು. ಆಗ ನೀರಿನ ಪಂಪ್ ನಿಲ್ಲಿಸಿ, ಕಿಟಕಿ ತೆಗೆದು, ಗಾಳಿ ಮಾತ್ರ ಬಿಡಿ. ಮುಚ್ಚಿದ ಕೋಣೆಯಲ್ಲಿ ಕೂಲರ್ ಇಟ್ಟು "ಮೈ ಅಂಟುತ್ತದೆ" ಎಂದು ದೂರುವವರು ಬಹಳ. ಕೂಲರಿಗೆ ತೆರೆದ ಕಿಟಕಿ ಬೇಕೇ ಬೇಕು.

ಫ್ಯಾನಿನ ವಿಷಯ ಇನ್ನೂ ಮುಖ್ಯ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಕೋಣೆಯ ಗಾಳಿಯೇ 40 ದಾಟಿದ ಮೇಲೆ ಒಣ ಮೈಗೆ ಬೀಸುವ ಫ್ಯಾನು ತಂದೂರಿನ ಗಾಳಿಯಂತೆ ಬಿಸಿಯನ್ನೇ ತಂದು ಹಾಕುತ್ತದೆ. ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ 42, 43 ಡಿಗ್ರಿ ಯಾರಿಗೂ ಸುದ್ದಿಯೇ ಅಲ್ಲ. ತಗಡಿನ ಮನೆಯ ಒಳಗೆ ಅದಕ್ಕಿಂತ ಹೆಚ್ಚು. ವಯಸ್ಸಾದ ನಾನಾ, ನಾನಿಯರು ಅಂಥ ಕೋಣೆಯಲ್ಲಿ ಫ್ಯಾನಿನ ಕೆಳಗೆ ಸುಮ್ಮನೆ ಮಲಗಿರುತ್ತಾರೆ. ಫ್ಯಾನು ಹಾಕಿದ್ದೇವಲ್ಲ ಎಂದು ಮನೆಯವರು ನಿಶ್ಚಿಂತರಾಗಿರುತ್ತಾರೆ. ಗಂಟೆಗೊಮ್ಮೆ ಅವರ ಮುಖ, ತೋಳು, ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಬೇಡಿ. ಆಮೇಲೆ ಫ್ಯಾನು ಹಾಕಿ. ವ್ಯತ್ಯಾಸ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ವುಝೂ ಮಾಡಿದ ನಂತರ ಕೈಕಾಲು ಒರೆಸದೆ ಕೂರುವವರಿಗೆ ಈ ಸುಖ ಗೊತ್ತೇ ಇದೆ.

ತಗಡಿನ ಮನೆ ಅಥವಾ ಸ್ಲ್ಯಾಬಿನ ಮನೆಯವರು ಮಾರ್ಚ್‌ನಲ್ಲೇ ಮೇಲ್ಛಾವಣಿಗೆ ದಪ್ಪಗೆ ಸುಣ್ಣ ಬಳಿಯಲಿ. ಬಿಳುಪು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಪಕ್ಕದ ತೆಲಂಗಾಣ ಸರಕಾರ 2023ರಲ್ಲಿ ಇದಕ್ಕೆಂದೇ ಒಂದು ನೀತಿ ಮಾಡಿತು.

ಇನ್ನು ನನ್ನ ಬಳಿ ಹೆಣ್ಣುಮಕ್ಕಳು ಮೆಲ್ಲಗೆ ಕೇಳುವ ಪ್ರಶ್ನೆ: ಬುರ್ಖಾದಲ್ಲಿ ಸೆಕೆ ತಡೆಯುವುದು ಹೇಗೆ? ಕಪ್ಪು ಬಣ್ಣವೇ ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ಮರುಭೂಮಿಯ ಬದೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆಂದು ಕೆಲವು ವಿಜ್ಞಾನಿಗಳು ಅಳತೆ ಮಾಡಿ ನೋಡಿ, 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರುವುದು ನಿಜ. ಆದರೆ ಅಂಗಿ ಸಡಿಲವಾಗಿದ್ದರೆ ಆ ಹೆಚ್ಚಿನ ಬಿಸಿ ಚರ್ಮ ಮುಟ್ಟುವ ಮೊದಲೇ ಒಳಗಿನ ಗಾಳಿಯೊಂದಿಗೆ ಹೊರಟುಹೋಗುತ್ತದೆ. ಬಿಳಿ ಅಂಗಿಗೂ ಕಪ್ಪಿಗೂ ಒಳಗೆ ವ್ಯತ್ಯಾಸ ಉಳಿಯುವುದಿಲ್ಲ. ಅಂದರೆ ತೊಂದರೆ ಇರುವುದು ಬಿಗಿಯಲ್ಲಿ ಮತ್ತು ಬಟ್ಟೆಯಲ್ಲಿ. ಈಗ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಬುರ್ಖಾಗಳು ಪಾಲಿಯೆಸ್ಟರ್. ಅದು ಬೆವರು ಹೀರುವುದಿಲ್ಲ. ಅದರ ಒಳಗೆ ಮತ್ತೆ ಸಿಂಥೆಟಿಕ್ ಸಲ್ವಾರ್! ಒಳಗಿನದಾದರೂ ಹತ್ತಿಯದ್ದಿರಲಿ, ಮೇಲಿನದು ಅಗಲವಾಗಿರಲಿ. ಹತ್ತಿ ಬೆಳೆಯುವ ಜಿಲ್ಲೆಯವರಿಗೆ ನಾನು ಇದನ್ನು ಹೇಳಬೇಕಾಗಿ ಬಂದಿದೆ.

ಹೆಣ್ಣುಮಕ್ಕಳ ಇನ್ನೊಂದು ಕಷ್ಟ ನನಗೆ ಹೆಚ್ಚು ನೋವು ಕೊಡುತ್ತದೆ. ವಾರಕ್ಕೊಮ್ಮೆ ದೇವದುರ್ಗಕ್ಕೂ ಮಾನ್ವಿಗೂ ಹೋಗುತ್ತೇನೆ. ಏಪ್ರಿಲ್ ಬಂತೆಂದರೆ ಪಿಶಾಬಿನ ಉರಿ ಎಂದು ಬರುವವರ ಸಾಲು. "ನೀರು ಕುಡೀತೀರಾ?" ಎಂದರೆ ತಲೆ ತಗ್ಗಿಸುತ್ತಾರೆ. ಹೊಲದಲ್ಲಿ, ಖಾತ್ರಿ ಕೆಲಸದ ಜಾಗದಲ್ಲಿ, ಬಸ್ಸಿನ ದಾರಿಯಲ್ಲಿ ಶೌಚಾಲಯವಿಲ್ಲ. ಹಾಗಾಗಿ ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ ಇರುತ್ತಾರೆ. ಅವರಿಗೆ ಶರ್ಬತೆ ಬಜೂರಿ ಬರೆದು ಕೊಡುವುದು ನನಗೆ ಸುಲಭ, ಉರಿ ಕಡಿಮೆಯೂ ಆಗುತ್ತದೆ. ಆದರೆ ಕಾಯಿಲೆ ಇರುವುದು ಶೌಚಾಲಯ ಇಲ್ಲದ್ದರಲ್ಲಿ. ಮನೆಯ ಗಂಡಸರು, ಕೆಲಸದ ಮೇಸ್ತ್ರಿಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಪಿಶಾಬಿನ ಬಣ್ಣ ನೋಡಿಕೊಳ್ಳಲು ಎಲ್ಲರಿಗೂ ಹೇಳುತ್ತೇನೆ: ತಿಳಿ ಹಳದಿಯಾದರೆ ಸರಿ, ಕಡು ಚಹಾದಂತಾದರೆ ಮೈ ಒಣಗಿದೆ ಎಂದರ್ಥ.

ಬೇಸಿಗೆಯಲ್ಲಿ ನಮ್ಮ ಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅಡುಗೆಮನೆಗೆ ಅಂಥ ಆದೇಶ ಇಲ್ಲ. ಮಧ್ಯಾಹ್ನ ಒಂದಕ್ಕೆ ಒಲೆಯ ಮುಂದೆ ರೊಟ್ಟಿ ತಟ್ಟುವ ಭಾಬಿಯೂ ಬಿಸಿಲಲ್ಲಿ ನಿಂತವಳಷ್ಟೇ ಬೇಯುತ್ತಾಳೆ. ಬೆಳಿಗ್ಗೆ ಹತ್ತರೊಳಗೆ ಅಡುಗೆ ಮುಗಿಯಲಿ. ಮಧ್ಯಾಹ್ನ ಖಿಚಡಿ, ಹುಣಸೆಯ ಖಟ್ಟಾ, ಒಂದು ಸೌತೆಕಾಯಿ ಸಾಕು. ಬಿಸಿ ರೊಟ್ಟಿಯೇ ಬೇಕೆನ್ನುವವರು ಒಂದು ದಿನ ತಾವೇ ತಟ್ಟಿ ನೋಡಲಿ. ಪ್ರವಾದಿ ಮುಹಮ್ಮದ್(ಸ) ಅವರು ತೀವ್ರ ಬಿಸಿಲಿನಲ್ಲಿ ಝುಹರ್ ನಮಾಝನ್ನೇ ತಂಪಾಗುವವರೆಗೆ ಸ್ವಲ್ಪ ತಡಮಾಡಲು ಹೇಳಿದ್ದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ಕೆಲಸದ ವೇಳೆಯನ್ನು ನಾವೂ ಹಿಂದೆಮುಂದೆ ಮಾಡಿಕೊಳ್ಳಬಹುದಲ್ಲವೇ?

ಈಗ ಲೋಟದ ಮಾತು. ಶರಬತ್ತನ್ನು ನಾನು ದೂಷಿಸುತ್ತಿಲ್ಲ. ಹಕೀಮ್ ಹಾಫಿಝ್ ಅಬ್ದುಲ್ ಮಜೀದ್ ಅವರು 1907ರಲ್ಲಿ ದಿಲ್ಲಿಯಲ್ಲಿ ರೂಹ್ ಅಫ್ಝಾ ತಯಾರಿಸಿದ್ದೇ ಬೇಸಿಗೆಯ ಬಳಲಿಕೆಗೆ. ಆದರೆ ಯಾವ ಶರಬತ್ತಿನ ಬಾಟಲಿಯಾದರೂ ಅದರ ಬಹುಪಾಲು ಸಕ್ಕರೆಯ ಪಾಕ. ದಿನಕ್ಕೊಂದು ಲೋಟ ಆರೋಗ್ಯವಂತರಿಗೆ ಪರವಾಗಿಲ್ಲ. ಶುಗರ್ ಇರುವ ಅಬ್ಬಾನಿಗೆ ದಿನಕ್ಕೆ ಮೂರು ಲೋಟ ಕೊಡಬೇಡಿ. 'ತಾಸೀರ್ ತಂಪು' ಎನ್ನುವುದು ಬೇರೆ, ಮೈಯ ಉಷ್ಣತೆ ಇಳಿಯುವುದು ಬೇರೆ. ಸೌತೆ, ಕಾಸ್ನಿ, ನೀಲೋಫರ್ ಎದೆಯುರಿ, ಬಾಯಾರಿಕೆ, ಪಿಶಾಬಿನ ಉರಿಗೆ ಒಳ್ಳೆಯವು. ಮೈ 41 ಡಿಗ್ರಿಗೆ ಏರಿದವನನ್ನು ಅವು ಕಾಪಾಡುವುದಿಲ್ಲ.

ನನ್ನ ಮನೆಯಲ್ಲಿ ಬೇಸಿಗೆಯ ರಾಜ ಮಜ್ಜಿಗೆ. ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು, ಉಪ್ಪು, ಹುರಿದ ಜೀರಿಗೆ, ಕೈಯಲ್ಲಿ ಹಿಸುಕಿದ ಪುದೀನಾ. ಬೆವರಿನಲ್ಲಿ ಹೋದ ಉಪ್ಪನ್ನೂ ನೀರನ್ನೂ ಇದು ಒಟ್ಟಿಗೆ ತರುತ್ತದೆ. ಜೋಳದ ಅಂಬಲಿಗೂ ಅದೇ ಗುಣ, ಹೊಟ್ಟೆಯೂ ತುಂಬುತ್ತದೆ. ಮಕ್ಕಳಿಗೆ ಕೈರಿ ಪನ್ನಾ: ಮಾವಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ತಿರುಳು ತೆಗೆದು, ಬೆಲ್ಲ, ಉಪ್ಪು, ಜೀರಿಗೆ ಹಾಕಿ ನೀರಿನಲ್ಲಿ ಕಲಸುವುದು. ಸಬ್ಜಾ ಅಥವಾ ತುಖ್ಮೆ ರೈಹಾನ್ ಒಂದು ಚಮಚವನ್ನು ಇಪ್ಪತ್ತು ನಿಮಿಷ ನೆನೆಸಿಯೇ ಕೊಡಿ. ಒಣಗಿದ ಬೀಜ ಮಗುವಿನ ಗಂಟಲಲ್ಲಿ ಉಬ್ಬಿದರೆ ಅಪಾಯ. ಬಿಸಿಲಲ್ಲಿ ದುಡಿದು ಬಂದವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಇದಕ್ಕಿಂತ ಅಗ್ಗದ ದವಾ ನನಗೆ ಗೊತ್ತಿಲ್ಲ. ರಕ್ತದೊತ್ತಡ, ಮೂತ್ರಪಿಂಡ, ಹೃದಯದ ತೊಂದರೆ ಇರುವವರು ಉಪ್ಪು, ನೀರಿನ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಬೇಕು. ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಲ್ಲೂ ತಾಯಿಯ ಹಾಲೇ ಸಾಕು. ನಾನಿಯರು ಪ್ರೀತಿಯಿಂದ ಹನಿ ನೀರು ಹಾಕುತ್ತಾರೆ, ಬೇಡ. ಆ ನೀರನ್ನು ತಾಯಿ ಕುಡಿಯಲಿ, ಮಗುವಿಗೆ ಮತ್ತೆ ಮತ್ತೆ ಹಾಲೂಡಿಸಲಿ.

ರಸ್ತೆ ಬದಿಯ ಬರ್ಫದ ಬಗ್ಗೆ ನಾನು ಕಟ್ಟುನಿಟ್ಟು. ಮೀನು ತಂಪಿಡಲು ಮಾಡುವ ಗಡ್ಡೆಯೇ ಗೋಣಿಚೀಲ ಸುತ್ತಿಕೊಂಡು ಗೋಲಾ ಗಾಡಿಗೂ ಕಬ್ಬಿನ ಹಾಲಿನ ಅಂಗಡಿಗೂ ಬರುವುದುಂಟು. ನೀರು ಕೆಟ್ಟರೆ ಏನಾಗುತ್ತದೆಂದು ರಾಯಚೂರಿನವರಿಗೆ ನೆನಪಿಸಬೇಕಿಲ್ಲ. 2022ರ ಮೇ-ಜೂನ್‌ನಲ್ಲಿ ಕಲುಷಿತ ನೀರು ಕುಡಿದು ನಗರದಲ್ಲಿ ಜನ ತೀರಿಕೊಂಡರು. ಹಣ್ಣಿನ ರಸಕ್ಕಿಂತ ಇಡೀ ಹಣ್ಣು ಮೇಲು. ಕಣ್ಣೆದುರು ಕಡಿದು ಕೊಡುವ ಮುಂಜಲು, ಅಂದರೆ ತಾಟಿನಿಂಗು, ಬರ್ಫಕ್ಕಿಂತ ಎಷ್ಟೋ ಮೇಲು.

ಹುಡುಗರ ತಂಪು ಮಾತ್ರ ಬೇರೆ, ಅವರಿಗೆ ಕಾಲುವೆಯೇ ಬೇಕು. ಈಜು ಬಾರದವರನ್ನು ಕಾಲುವೆಗೆ, ಬಾವಿಗೆ ಬಿಡಬೇಡಿ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಮನೆಯಂಗಳದಲ್ಲಿ ಎರಡು ಕೊಡ ನೀರು ಸುರಿಸಿಕೊಂಡರೂ ಮೈ ಅಷ್ಟೇ ತಂಪಾಗುತ್ತದೆ.

ಹಜ್‌ಗೆ ಹೊರಟ ಹಿರಿಯರಿದ್ದರೆ ಅವರಿಗೂ ಈ ಪುಟ ತೋರಿಸಿ. 2024ರ ಹಜ್‌ನಲ್ಲಿ ಮಕ್ಕಾದ ಬಿಸಿಲು 50 ಡಿಗ್ರಿ ದಾಟಿತು. 1,301 ಯಾತ್ರಿಕರು ಮರಣ ಹೊಂದಿದರೆಂದು ಸೌದಿ ಸರಕಾರವೇ ತಿಳಿಸಿತು. ಛತ್ರಿ, ನೀರು ಚಿಮುಕಿಸುವ ಸಣ್ಣ ಬಾಟಲಿ, ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ.

ಮೊದಲು ಹೇಳಿದ ಹುಡುಗನ ವಿಷಯಕ್ಕೆ ಬರುತ್ತೇನೆ. ತಲೆಸುತ್ತು, ಸುಸ್ತು, ಸ್ನಾಯು ಸೆಳೆತ ಇದ್ದು ಮಾತು ನೆಟ್ಟಗಿದ್ದರೆ ನೆರಳಿಗೆ ತಂದು ಮಜ್ಜಿಗೆ, ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ಗೊಂದಲವಾದರೆ, ಫಿಟ್ಸ್ ಬಂದರೆ ಅದು ಝರ್ಬತುಶ್ಶಮ್ಸ್, ಅಂದರೆ ಬಿಸಿಲಾಘಾತ. ಆಗ ಬಾಯಿಗೆ ಏನೂ ಹಾಕಬೇಡಿ, ಝಮ್‌ಝಮ್ ನೀರನ್ನು ಕೂಡ. ಪ್ಯಾರಾಸಿಟಮಾಲ್ ಕೂಡದು, ಈ ಬಿಸಿಗೆ ಅದು ಕೆಲಸ ಮಾಡುವುದಿಲ್ಲ. ಬೆವರು ನಿಂತ ಮೇಲೆ ನೋಡೋಣ ಎಂದು ಕಾಯಲೂ ಬೇಡಿ. ದುಡಿಯುವವರಲ್ಲಿ ಬೆವರು ಸುರಿಯುತ್ತಿರುವಾಗಲೇ ಇದು ಬರುತ್ತದೆ. 108ಕ್ಕೆ ಕರೆ ಮಾಡಿ, ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿ. ಆಟೋದಲ್ಲಿ ಒಯ್ಯುವುದಾದರೆ ದಾರಿಯುದ್ದಕ್ಕೂ ನೀರು ಸುರಿಯುತ್ತಲೇ ಒಯ್ಯಿರಿ. ಸೀಟು ಒದ್ದೆಯಾಗುತ್ತದೆಂದು ಆಟೋದವರು ಬೇಸರಿಸಿಕೊಳ್ಳುವುದಿಲ್ಲ.

ಆ ತಾಯಿಗೆ ನಾನು ಶರಬತ್ತು ಬರೆದುಕೊಡಲಿಲ್ಲ. ಎರಡು ಹತ್ತಿಯ ಟವೆಲು ತರಲು ಹೇಳಿದೆ; ಒಂದು ಮಗನ ಕೊರಳಿಗೆ, ಇನ್ನೊಂದು ನೀರಿನ ಬಕೆಟಿಗೆ. ಈಗ ಅವನು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಿ ಹನ್ನೊಂದಕ್ಕೆ ಇಳಿದು ಬರುತ್ತಾನೆ, ಮತ್ತೆ ನಾಲ್ಕರ ನಂತರ ಹತ್ತುತ್ತಾನೆ. ಮೇಸ್ತ್ರಿಯನ್ನು ಒಪ್ಪಿಸಲು ಎರಡು ವಾರ ಹಿಡಿಯಿತಂತೆ.